ಕುಡಿತ ಬಿಟ್ಟ ಕಂಟ್ರೋಲ್

ಸತ್ಯವನ್ನು ಅರಸಿ ಹೊರಟವನಿಗೆ ಮೊದಲು ಬೇಕಾದದ್ದು ತಾಳ್ಮೆ ಎಂದು ಹಿರಿಯರು ಅಪ್ಪಣೆ ಕೊಡಿಸಿದ್ದಾರೆ. ಆ ಹಿರಿಯರಲ್ಲಿ ಯಾರೂ ಜೂನ್ ತಿಂಗಳ ದಿಲ್ಲಿಯಲ್ಲಿ ಎರಡು ಸಾವಿರ ವೋಲ್ಟಿನ ಜೆಲ್ ಓಡಿಸಿದವರಲ್ಲ. ಮೊದಲು ಬೇಕಾದದ್ದು ಕರೆಂಟು. ಎರಡನೆಯದು, ನಂಬಿಕೆಗೆ ಅರ್ಹನಾದ ಒಬ್ಬ ಕುಡುಕ. ತಾಳ್ಮೆ ಆಮೇಲೆ ತಾನಾಗಿ ಬರುತ್ತದೆ, ಬೇರೆ ದಾರಿಯಿಲ್ಲದ್ದರಿಂದ.

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿದ್ದಾಗಿನ ಮಾತು. ದಕ್ಷಿಣ ದಿಲ್ಲಿಯ ಒಂದು ಸರ್ಕಾರಿ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ನನ್ನ ಪ್ರಯೋಗಾಲಯವಿತ್ತು. ಪ್ರಯೋಗಾಲಯ ಎಂದರೆ ಎರಡು ಕೋಣೆ, ಒಂದು ಫ್ರೀಜರ್, ನಾನು ಮತ್ತು ನನ್ನಷ್ಟೇ ವಯಸ್ಸಾದ ಒಬ್ಬ ಟೆಕ್ನಿಷಿಯನ್. ಅವರು ಗಾಜಿಯಾಬಾದಿನವರು, ನಾನು ಇಂದಿರಾಪುರದಿಂದ ಬರುವವನು. ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಬಂದು, ದಿನವಿಡೀ ಜಗಳವಾಡಿ, ಸಂಜೆ ಒಂದೇ ಬಸ್ಸಿನಲ್ಲಿ ಮಾತಿಲ್ಲದೆ ಹಿಂತಿರುಗುತ್ತಿದ್ದೆವು. ಅವರ ಹಿಂದಿಯನ್ನು ಇಲ್ಲಿ ಕನ್ನಡಕ್ಕೆ ಇಳಿಸಿದ್ದೇನೆ. ಇಳಿಸುವಾಗ ಅರ್ಧದಷ್ಟು ಬೈಗುಳ ಸೋರಿಹೋಗಿದೆ.

ನಮ್ಮ ಕೆಲಸವೇನೆಂದು ಹೇಳಬೇಕು. ದೇಹ ತಯಾರಿಸುವ ಪ್ರೋಟೀನುಗಳಲ್ಲಿ ಎಷ್ಟೋ, ಒಂದು ಸಕ್ಕರೆಯ ಸರಪಣಿಯನ್ನು ತಗಲಿಸಿಕೊಂಡೇ ಡ್ಯೂಟಿಗೆ ಹೊರಡುತ್ತವೆ, ಸೆಕ್ರೆಟೇರಿಯಟ್ ನೌಕರ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಹಾಗೆ. ಈ ತಗಲಿಸುವ ಕೆಲಸಕ್ಕೆ ಗ್ಲೈಕೋಸೈಲೇಷನ್ ಎಂದು ಹೆಸರು. ಕೆಲವೇ ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಇದು ಕೆಟ್ಟಿರುತ್ತದೆ. ಹಾಗಾದಾಗ ಯಕೃತ್ತು, ಕರುಳು, ಮಿದುಳು, ರಕ್ತ, ಎಲ್ಲವೂ ಒಂದೊಂದು ರೀತಿ ಮುಷ್ಕರ ಹೂಡುತ್ತವೆ. ಇಂಥ ಮಕ್ಕಳು ನಮ್ಮಲ್ಲಿಲ್ಲ ಎಂದು ಆಗ ಎಲ್ಲರೂ ಹೇಳುತ್ತಿದ್ದರು. ಯಾರೂ ಹುಡುಕದಿದ್ದರೆ ಯಾವುದೂ ಇರುವುದಿಲ್ಲ. ನಾನು ಹುಡುಕಲು ಹೊರಟೆ.

ಹುಡುಕುವ ವಿಧಾನ ಹೀಗೆ. ರಕ್ತದಲ್ಲಿ ಕಬ್ಬಿಣ ಹೊರುವ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನಿಗೆ ಇಂಥ ಎರಡು ಸರಪಣಿಗಳಿರುತ್ತವೆ. ಒಂದೊಂದಕ್ಕೆ ಎರಡೆರಡು ತುದಿ, ಒಟ್ಟು ನಾಲ್ಕು. ಮಗುವಿನ ಸೀರಮ್ಮಿಗೆ ಹಿಂದಿನ ದಿನವೇ ಕಬ್ಬಿಣ ಬೆರೆಸಿಟ್ಟು, ಮರುದಿನ ತೆಳುವಾದ ಜೆಲ್ಲಿನ ಮೇಲೆ ಹನಿಯಿಟ್ಟು, ತಣ್ಣನೆಯ ತಟ್ಟೆಯ ಮೇಲೆ ವಿದ್ಯುತ್ ಹರಿಸಬೇಕು. ನಾಲ್ಕು ತುದಿಯುಳ್ಳದ್ದು ಒಂದು ಕಡೆ ನಿಲ್ಲುತ್ತದೆ, ಎರಡೇ ಉಳಿದದ್ದು ಇನ್ನೊಂದು ಕಡೆ, ಏನೂ ಇಲ್ಲದ್ದು ಮತ್ತೊಂದು ಕಡೆ. ಆಮೇಲೆ ಪ್ರತಿಕಾಯ ಸವರಿ, ತೊಳೆದು, ನೀಲಿ ಬಣ್ಣ ಹಾಕಿದರೆ ಗೆರೆಗಳು ಮೂಡುತ್ತವೆ. ನಾವು ಚೌಕಾಬಾರದ ಭಾಷೆಯಲ್ಲಿ ಹೇಳುತ್ತಿದ್ದೆವು: ನಾಲ್ಕರ ಮನೆ, ಎರಡರ ಮನೆ, ಸೊನ್ನೆಯ ಮನೆ. ಆರೋಗ್ಯವಂತನ ಕಾಯಿ ನಾಲ್ಕರ ಮನೆಯಲ್ಲಿರುತ್ತದೆ. ಎರಡರ ಮತ್ತು ಸೊನ್ನೆಯ ಮನೆಗಳು ತುಂಬಿದರೆ ನಾವು ಹುಡುಕುತ್ತಿದ್ದ ರೋಗ.

ಇಷ್ಟೆಲ್ಲ ಸರಿಯಾಗಿ ನಡೆದಿದೆಯೆಂದು ತಿಳಿಯಲು ರೋಗವಿದೆಯೆಂದು ಖಾತ್ರಿಯಿರುವ ಒಬ್ಬನ ಸೀರಮ್ಮನ್ನೂ ಪ್ರತಿ ಜೆಲ್ಲಿನಲ್ಲಿ ಜೊತೆಗೆ ಓಡಿಸಬೇಕು. ಅದೇ ಕಂಟ್ರೋಲ್. ಖಾತ್ರಿಯ ರೋಗಿ ದೇಶದಲ್ಲೇ ಸಿಕ್ಕಿರಲಿಲ್ಲ. ಆದರೆ ಪ್ರಕೃತಿ ಕರುಣಾಮಯಿ. ವರ್ಷಗಟ್ಟಲೆ ವಿಪರೀತ ಕುಡಿಯುವವನ ಟ್ರಾನ್ಸ್‌ಫೆರಿನ್ ಕೂಡ ಹೀಗೇ ಸರಪಣಿ ಕಳೆದುಕೊಂಡು ಎರಡರ ಮನೆಗೆ ಬಂದು ಕೂರುತ್ತದೆ. ಟೆಕ್ನಿಷಿಯನ್ ನೆಲಮಹಡಿಯ ವ್ಯಸನಮುಕ್ತಿ ವಾರ್ಡಿಗೆ ಹೋಗಿ, ಅಲ್ಲಿದ್ದವರಲ್ಲೆಲ್ಲ ಶ್ರೇಷ್ಠನೊಬ್ಬನನ್ನು ಆರಿಸಿ, ಆತನ ಒಪ್ಪಿಗೆ ಪಡೆದು ರಕ್ತ ತಂದರು. ಆತ ವೆಲ್ಡರ್. ಆತನ ಗೆರೆಗಳು ನೋಡಲು ಅಷ್ಟು ಸ್ಫುಟವಾಗಿದ್ದವೆಂದರೆ, ವಿಜ್ಞಾನಕ್ಕಾಗಿ ಆತ ಹೀಗೇ ಮುಂದುವರಿಯಲಿ ಎಂದು ನಾನು ಮನಸ್ಸಿನಲ್ಲೇ ಹಾರೈಸಿದ್ದುಂಟು. ಇದನ್ನು ಹೆಮ್ಮೆಯಿಂದ ಬರೆಯುತ್ತಿಲ್ಲ.

ಮಾರ್ಚಿ ತಿಂಗಳಲ್ಲಿ ಮಗು ಬಂತು.

ಮಕ್ಕಳ ವಿಭಾಗದ ಡಾಕ್ಟರ್ ಮೇಡಂ ಕಳಿಸಿದ್ದರು. ಮೂರು ವರ್ಷ ತುಂಬದ ಹುಡುಗಿ. ಪದೇ ಪದೇ ವಾಂತಿ, ಭೇದಿ, ದೊಡ್ಡದಾದ ಯಕೃತ್ತು, ಇದ್ದಕ್ಕಿದ್ದಂತೆ ರಕ್ತದ ಸಕ್ಕರೆ ಇಳಿದು ಬೆವರಿ ಕುಸಿಯುವುದು. ಬುದ್ಧಿ ಮಾತ್ರ ಚುರುಕು. ತಂದೆ ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿದ್ದ, ಕೇಂದ್ರ ಸಚಿವಾಲಯವೊಂದರ ಗುಮಾಸ್ತ, ನಮ್ಮ ಕಡೆಯವರು. ನಾನು ಫೋನಿನಲ್ಲಿ ಯಾರಿಗೋ ಕನ್ನಡದಲ್ಲಿ ಗದರುತ್ತಿದ್ದುದು ಕಾರಿಡಾರಿಗೆ ಕೇಳಿ, ಅವರು ಬಾಗಿಲಲ್ಲಿ ನಿಂತು ಕೈಮುಗಿದರು.

"ಸಾರ್, ನಮ್ಮೋರೇ ಅಂತ ಗೊತ್ತಾಯ್ತು. ಇನ್ನು ಪರವಾಗಿಲ್ಲ."

ಏನು ಪರವಾಗಿಲ್ಲವೋ ನನಗೆ ಗೊತ್ತಾಗಲಿಲ್ಲ. ಆದರೆ ಪರದೇಶದಲ್ಲಿ ಕನ್ನಡ ಕೇಳಿದೊಡನೆ ಅರ್ಧ ಕಾಯಿಲೆ ವಾಸಿಯಾಯಿತೆಂದು ನಂಬುವವರ ಪೈಕಿ ಅವರು. ಅಂದಿನಿಂದ ಮೇಡಂ ಹಿಂದಿಯಲ್ಲಿ ಹೇಳಿದ್ದನ್ನೆಲ್ಲ ಅವರು ನನ್ನ ಬಳಿ ಬಂದು ಕನ್ನಡದಲ್ಲಿ ಮತ್ತೊಮ್ಮೆ ಹೇಳಿಸಿಕೊಂಡು ಹೋಗುತ್ತಿದ್ದರು. ನಾನು ವೈದ್ಯನಲ್ಲ, ಜೀವರಸಾಯನದವನು. ಆದರೂ ಹೇಳುತ್ತಿದ್ದೆ. ಹೇಳುವುದರಲ್ಲಿ ಒಂದು ಸುಖವಿತ್ತು.

ರಕ್ತ ತೆಗೆದ ಮೇಲೆ ಮಗುವಿನ ಅಳು ನಿಲ್ಲಿಸಲು ನನ್ನ ಮೇಜಿನಿಂದ ಒಂದು ಟಾಫಿ ಕೊಟ್ಟೆ. ಅವಳು ಅದನ್ನು ನನ್ನ ಮೇಲೇ ಎಸೆದಳು.

"ಗಂದಾ! ಬೇಡ!"

"ಸಾರ್, ಬೇಜಾರ್ ಮಾಡ್ಕೋಬೇಡಿ," ಎಂದರು ತಾಯಿ. "ಇವಳಿಗೆ ಸಿಹಿ ಅಂದ್ರೆ ಆಗಲ್ಲ. ಚಾಕ್ಲೇಟು, ಬಾಳೆಹಣ್ಣು, ಏನೂ ಮುಟ್ಟಲ್ಲ. ಶುಗರ್ ಇಳಿಯುತ್ತೆ, ಕೊಡಲೇಬೇಕು ಅಂತಾರೆ ಡಾಕ್ಟರು. ಮೂಗು ಹಿಡಿದು ಸಕ್ಕರೆ ನೀರು ಕುಡಿಸ್ತೀನಿ, ಟಾನಿಕ್ ಕುಡಿಸ್ತೀನಿ. ಯುದ್ಧ ಸಾರ್ ದಿನಾ."

"ಇಡೀ ದಿಲ್ಲಿಯಲ್ಲಿ ಟಾಫಿ ಬೇಡ ಅನ್ನೋ ಮಗು ಇದೊಂದೇ," ಎಂದರು ಟೆಕ್ನಿಷಿಯನ್, ಟಾಫಿಯನ್ನು ಎತ್ತಿ ತಮ್ಮ ಬಾಯಿಗೆ ಹಾಕಿಕೊಂಡು. "ಹಲ್ಲು ನೋಡಿ, ಮುತ್ತಿನಂತಿವೆ."

ನಾನೂ ನೋಡಿದೆ. ಮುತ್ತಿನಂತಿದ್ದವು. ನಮ್ಮ ನಮೂನೆಯಲ್ಲಿ ಹಲ್ಲಿಗೆ ಕಾಲಮ್ಮಿರಲಿಲ್ಲ.

ನಮೂನೆಯ ವಿಷಯ ಬಂದಾಗ ಇನ್ನೊಂದನ್ನೂ ಹೇಳಿಬಿಡಬೇಕು. ನಮ್ಮ ಗೆರೆಗಳನ್ನು ನಂಬುವ ಮುಂಚೆ, ಅದೇ ಗೆರೆಗಳನ್ನು ತರುವ ಬೇರೆ ಎರಡು ರೋಗಗಳನ್ನು ತಳ್ಳಿಹಾಕಬೇಕು: ಹಾಲಿನ ಸಕ್ಕರೆಯನ್ನು ಅರಗಿಸಲಾಗದ ರೋಗ, ಹಣ್ಣಿನ ಸಕ್ಕರೆಯನ್ನು ಅರಗಿಸಲಾಗದ ರೋಗ. ಮೊದಲನೆಯದಕ್ಕೆ ಕಿಣ್ವದ ಪರೀಕ್ಷೆ ಮಾಡಿದ್ದರು, ಸರಿಯಿತ್ತು. ಎರಡನೆಯದಕ್ಕೆ ಮೂತ್ರ ಪರೀಕ್ಷೆ. ಹಿಂದೆ ಬೆನೆಡಿಕ್ಟ್ ದ್ರಾವಣದಲ್ಲಿ ಕುದಿಸಿ ನೋಡುತ್ತಿದ್ದರು. ಗ್ಲೂಕೋಸಿರಲಿ, ಹಣ್ಣಿನ ಸಕ್ಕರೆಯಿರಲಿ, ಬಣ್ಣ ಬದಲಾಗುತ್ತದೆ. ವಾರ್ಡು ಈಗ ಆಧುನಿಕವಾಗಿತ್ತು. ಕಾಗದದ ಪಟ್ಟಿಯೊಂದನ್ನು ಅದ್ದಿ ನೋಡುತ್ತಿದ್ದರು. ಆ ಪಟ್ಟಿಗೆ ಗ್ಲೂಕೋಸ್ ಒಂದೇ ಗೊತ್ತು. ನಮೂನೆ ಮಾತ್ರ ಹಳೆಯದು. "ಮೂತ್ರದಲ್ಲಿ ಸಕ್ಕರೆಗಳು" ಎಂಬ ಕಾಲಮ್ಮಿನಲ್ಲಿ ಯಾರೋ ಪಟ್ಟಿಯನ್ನು ನೋಡಿ "ಇಲ್ಲ" ಎಂದು ಬರೆದಿದ್ದರು. ನಾನು ಓದಿ ಸರಿ ಗುರುತು ಹಾಕಿದೆ. ಸುಂದರವಾದ ಗುರುತು. ಈಗಲೂ ಕಡತದಲ್ಲಿದೆ.

ಏಪ್ರಿಲ್ಲಿನ ಜೆಲ್ಲನ್ನು ನಾನು ಮರೆಯಲಾರೆ. ಬಣ್ಣ ಇಳಿಯುತ್ತಿದ್ದಂತೆ ಐದನೆಯ ಲೇನಿನಲ್ಲಿ ಮಗುವಿನ ಗೆರೆಗಳು ಎದ್ದವು. ಎರಡರ ಮನೆ ಕಪ್ಪಗೆ, ಸೊನ್ನೆಯ ಮನೆ ಸ್ಪಷ್ಟ. ಪಕ್ಕದ ಲೇನಿನಲ್ಲಿ ನಮ್ಮ ವೆಲ್ಡರ್. ಇಬ್ಬರೂ ಅಣ್ಣತಂಗಿಯರಂತೆ ಕಂಡರು.

"ಬಧಾಯಿ ಹೋ ಸಾಬ್," ಎಂದರು ಟೆಕ್ನಿಷಿಯನ್. "ಮಗು ಕುಡಿಯುತ್ತಿಲ್ಲ ತಾನೇ?"

ಪ್ರೋಟೀನಿನ ಆಕಾರವೇ ವಂಶದಲ್ಲಿ ಬೇರೆಯಿದ್ದರೂ ಗೆರೆ ಸರಿಯಬಹುದೆಂದು ತಂದೆತಾಯಿಯರ ರಕ್ತವನ್ನೂ ಓಡಿಸಿದೆ. ಇಬ್ಬರೂ ನಾಲ್ಕರ ಮನೆಯಲ್ಲಿ ಭದ್ರ. ಡಾಕ್ಟರ್ ಮೇಡಂ ಮೂರನೆಯ ಮಹಡಿಗೆ ಓಡಿ ಬಂದರು. ಈ ರೋಗದ ಬಗೆಗಳಲ್ಲಿ ಹೆಚ್ಚಿನವಕ್ಕೆ ಆಗ ಚಿಕಿತ್ಸೆಯೇ ಇರಲಿಲ್ಲ. ಒಂದೇ ಒಂದು ಬಗೆಗೆ ಇತ್ತು. ಅದರಲ್ಲಿ ಬುದ್ಧಿ ಕೆಡುವುದಿಲ್ಲ. ಕರುಳು, ಯಕೃತ್ತು ಕೆಡುತ್ತವೆ, ಸಕ್ಕರೆ ಇಳಿಯುತ್ತದೆ. ಚಿಕಿತ್ಸೆ ಮ್ಯಾನೋಸ್ ಎಂಬ ಬಿಳಿ ಪುಡಿ, ನೀರಿನಲ್ಲಿ ಕದಡಿ ಕುಡಿಸುವುದು, ಅಷ್ಟೇ.

"ಚಿತ್ರ ಪೂರ್ತಿ ಹೊಂದುತ್ತೆ," ಎಂದರು ಮೇಡಂ. "ಆದರೆ ಎರಡನೇ ಸ್ಯಾಂಪಲ್ಲಿನಲ್ಲೂ ಬರಬೇಕು. ಕಿಣ್ವದ ಪರೀಕ್ಷೆಗೆ ರಕ್ತಾನ ವಿದೇಶಕ್ಕೆ ಕಳಿಸಿ. ಮ್ಯಾನೋಸ್ ತರಿಸೋಕೆ ಅರ್ಜಿ ಹಾಕಿ."

ತಂದೆಗೆ ನಾನೇ ಹೇಳಿದೆ. ಅವರು ಕುರ್ಚಿಯ ತುದಿಯಲ್ಲಿ ಕೂತು ಕೇಳಿ, "ಪುಡಿ ಅಂದ್ರಾ ಸಾರ್? ಬರೀ ಪುಡಿ?" ಎಂದು ಮೂರು ಸಲ ಕೇಳಿದರು. ಅವರಿಗೆ ಮೊದಲೊಂದು ಗಂಡು ಮಗು ಹೀಗೇ ವಾಂತಿ ಮಾಡುತ್ತ ವರ್ಷ ತುಂಬುವುದರೊಳಗೆ ಹೋಗಿತ್ತೆಂದು ಅಂದು ತಿಳಿಯಿತು. ಅದಕ್ಕೆ ಯಾರೂ ಹೆಸರು ಕೊಟ್ಟಿರಲಿಲ್ಲ. ಈಗ ಹೆಸರು ಸಿಕ್ಕಿತ್ತು, ಪುಡಿಯೂ ಸಿಗಲಿತ್ತು.

ಪುಡಿ ಸುಲಭವಾಗಿ ಸಿಗಲಿಲ್ಲ. ತಯಾರಕರು ಡಬ್ಬಿಯ ಮೇಲೆ "ಪ್ರಯೋಗಾಲಯದ ಬಳಕೆಗೆ ಮಾತ್ರ" ಎಂದು ಅಚ್ಚು ಹಾಕಿದ್ದರಿಂದ ಔಷಧವೆಂದು ತರಿಸುವಂತಿರಲಿಲ್ಲ. ನಾವು ಅರ್ಜಿಯಲ್ಲಿ ರೋಗಿಗೆ ಎಂದು ಬರೆದಿದ್ದರಿಂದ ರಾಸಾಯನಿಕವೆಂದು ತರಿಸುವಂತಿರಲಿಲ್ಲ. ಇದು ಆಹಾರವೋ, ಔಷಧವೋ, ರಾಸಾಯನಿಕವೋ ಎಂಬ ಗಹನ ತತ್ತ್ವಜಿಜ್ಞಾಸೆ ಮೂರು ಕಛೇರಿಗಳಲ್ಲಿ ನಡೆಯಿತು. ಅದ್ವೈತಿಗಳೂ ಇಷ್ಟು ಕಾಲ ತೆಗೆದುಕೊಂಡಿರಲಾರರು.

ಈ ನಡುವೆ ಮಗುವಿಗೆ ಕಾಮಾಲೆಯಾಯಿತು. ಸುದ್ದಿ ತಿಳಿದು ಊರಿನಿಂದ ತಂದೆಯ ತಾಯಿ ರೈಲು ಹತ್ತಿ ಬಂದರು. ಬಂದವರೇ ಅಡುಗೆಮನೆಯ ಅಧಿಕಾರ ವಹಿಸಿಕೊಂಡರು. ಕಾಮಾಲೆಗೆ ಪಥ್ಯ: ಅನ್ನದ ಗಂಜಿ, ಉಪ್ಪು, ನೀರು ಮಜ್ಜಿಗೆ. ಸಿಹಿಯಿಲ್ಲ, ಹಣ್ಣಿಲ್ಲ, ಕರಿದದ್ದಿಲ್ಲ. ಟಾನಿಕ್ಕಿನ ಬಾಟಲಿಗಳನ್ನು "ಬಣ್ಣದ ನೀರು" ಎಂದು ಮೋರಿಗೆ ಸುರಿದರು. ಎರಡು ಗಂಟೆಗೊಮ್ಮೆ ಗಂಜಿ ಕುಡಿಸಿದ್ದರಿಂದ ಸಕ್ಕರೆ ಇಳಿಯಲಿಲ್ಲ. ಐದು ವಾರ ಕಳೆದು ಎರಡನೆಯ ಸ್ಯಾಂಪಲ್ಲಿಗೆ ಬಂದಾಗ ಮಗು ನಡೆದುಕೊಂಡು ಬಂತು. ಟೆಕ್ನಿಷಿಯನ್ನರ ಮೀಸೆ ಎಳೆಯಿತು.

ಕಂಟ್ರೋಲ್ ಸೀರಮ್ಮಿನ ಹಳೆಯ ದಾಸ್ತಾನು ಅಷ್ಟರಲ್ಲಿ ಮುಗಿದಿತ್ತು. ವೆಲ್ಡರ್ ಹೊರರೋಗಿ ವಿಭಾಗಕ್ಕೆ ತೋರಿಸಲು ಬಂದಾಗ ಟೆಕ್ನಿಷಿಯನ್ ಹೊಸದಾಗಿ ರಕ್ತ ತಂದಿದ್ದರು.

"ಸಾಬ್, ಅವನು ಕುಡಿಯೋದು ಬಿಟ್ಟಿದ್ದಾನಂತೆ."

"ಎಲ್ಲರೂ ಹಾಗೇ ಹೇಳ್ತಾರೆ."

"ಮಗಳ ತಲೆ ಮುಟ್ಟಿ ಆಣೆ ಮಾಡಿದ್ದಾನಂತೆ."

"ಆಣೆ ಜೆಲ್ಲಿನಲ್ಲಿ ಕಾಣಿಸಲ್ಲ. ಹಾಕಿ."

ಜೂನಿನ ಆ ಜೆಲ್ ಓಡುತ್ತಿದ್ದಾಗ ಕರೆಂಟು ಹನ್ನೊಂದು ನಿಮಿಷ ಹೋಯಿತು. ಬ್ಯಾಟರಿ ಕೀಚಲು ದನಿಯಲ್ಲಿ ಕೂಗಿ ಸುಮ್ಮನಾಯಿತು, ತಟ್ಟೆ ಬೆಚ್ಚಗಾಯಿತು. ಮತ್ತೆ ಬಂದಾಗ ಮುಂದುವರಿಸಿದೆವು. ಬಣ್ಣ ಹಾಕಿ ನೋಡಿದರೆ ಮಗುವಿನ ಲೇನು ನಾಲ್ಕರ ಮನೆಯಲ್ಲಿ. ವೆಲ್ಡರನ ಲೇನೂ ನಾಲ್ಕರ ಮನೆಯಲ್ಲಿ. ಇಬ್ಬರೂ ಆರೋಗ್ಯವಂತರು!

ನನ್ನ ಮೇಜಿನ ಮೇಲಿನ ಗೋಡೆಗೆ ನಾನೇ ಬೆರಳಚ್ಚು ಮಾಡಿಸಿ ಅಂಟಿಸಿದ್ದ ನಿಯಮಾವಳಿಯಿತ್ತು. ನಾಲ್ಕನೆಯ ನಿಯಮ: ಮಧ್ಯದಲ್ಲಿ ವಿದ್ಯುತ್ ಹೋದರೆ ಜೆಲ್ ಅಸಿಂಧು. ಐದನೆಯ ನಿಯಮ: ಕಂಟ್ರೋಲ್ ಕೆಟ್ಟರೆ ಜೆಲ್ ಅಸಿಂಧು. ಎರಡು ನಿಯಮಗಳು ಏಕಕಂಠದಿಂದ ಒಂದೇ ಮಾತು ಹೇಳುವುದು ನ್ಯಾಯಾಲಯದಲ್ಲೂ ಅಪರೂಪ.

"ಕೆಟ್ಟಿದೆ," ಎಂದೆ.

ಟೆಕ್ನಿಷಿಯನ್ ಜೆಲ್ಲನ್ನು ಕಿಟಕಿಗೆ ಹಿಡಿದು ನೋಡಿದರು. "ಮಿಕ್ಕ ಆರು ಲೇನು ಸರಿಯಾಗಿ ಬಂದಿವೆ ಸಾಬ್. ಗೆರೆ ಚೂಪಾಗಿವೆ. ಕರೆಂಟು ಹೋದರೆ ಎಲ್ಲಾ ಕೆಡಬೇಕು. ಇವೆರಡೇ ಹೇಗೆ ಕೆಡುತ್ತವೆ? ಅದೂ ಒಳ್ಳೆಯದಾಗಿ ಕೆಡುತ್ತವಾ?"

"ನಿಯಮ ಓದಿ."

"ನಿಯಮ ಬರೆದಾಗ ನಾನೂ ಇಲ್ಲೇ ಇದ್ದೆ. ಕಾಗುಣಿತ ತಿದ್ದಿದ್ದು ನಾನು."

ನಾನು ದಾಖಲೆ ಪುಸ್ತಕದಲ್ಲಿ "ತಾಂತ್ರಿಕ ದೋಷ, ಪರಿಗಣಿಸತಕ್ಕದ್ದಲ್ಲ" ಎಂದು ಬರೆದು ಸಹಿ ಮಾಡಿದೆ. ಮತ್ತೆ ಓಡಿಸಲು ಸೀರಮ್ ಉಳಿದಿರಲಿಲ್ಲ. ಕಿಣ್ವ ಪರೀಕ್ಷೆಗೆಂದು ರಕ್ತವನ್ನೆಲ್ಲ ವಿದೇಶಕ್ಕೆ ಕಳಿಸಿಯಾಗಿತ್ತು. ಮಗುವನ್ನು ಮತ್ತೆ ಚುಚ್ಚುವುದು ಬೇಡ, ಏಪ್ರಿಲ್ಲಿನ ಜೆಲ್ ಇಷ್ಟು ಸ್ಪಷ್ಟವಾಗಿದೆಯಲ್ಲ ಎಂದು ಮೇಡಂಗೆ ನಾನೇ ಹೇಳಿದೆ. ಅವರು ಒಪ್ಪಿದರು. ನನ್ನ ಮಾತಿಗೆ ಅಲ್ಲಿ ತೂಕವಿತ್ತು.

ಅದೇ ವಾರ ತಂದೆ ನನ್ನನ್ನು ಮನೆಗೆ ಕರೆದರು. ಅಮ್ಮ ಮಾತು ಕೇಳುತ್ತಿಲ್ಲ, ಮಗುವಿಗೆ ಬರೀ ಗಂಜಿ ಹಾಕುತ್ತಿದ್ದಾರೆ, ನೀವಾದರೂ ಹೇಳಿ ಎಂದರು. ಮೇಡಂ ಕೂಡ ಸಕ್ಕರೆ ಇಳಿದೀತೆಂದು ಹೆದರಿದ್ದರು. ಹೋದೆ. ಕಾಮಾಲೆ ಇಳಿದಿತ್ತು. ಹುಡುಗಿ ಬಾಲ್ಕನಿಯಲ್ಲಿ ಕೂತು ಪಕ್ಕದ ಮನೆಯವರ ನಾಯಿಗೆ ಹಿಂದಿಯಲ್ಲಿ ಬುದ್ಧಿ ಹೇಳುತ್ತಿದ್ದಳು. ನನ್ನನ್ನು ಕಂಡು ಅನುಮಾನದಿಂದ "ಸುಯಿ?" ಎಂದಳು. ಸೂಜಿಯಿಲ್ಲ ಎಂದು ಎರಡು ಕೈಯನ್ನೂ ತೋರಿಸಿದೆ.

"ಅಮ್ಮ, ಪಥ್ಯ ಸಾಕು," ಎಂದೆ ಅಜ್ಜಿಗೆ. "ಈ ಕಾಯಿಲೇಲಿ ಮೈಯಲ್ಲಿ ಸಕ್ಕರೆ ಸಾಲೋದಿಲ್ಲ. ಬರೋ ಔಷಧಿ ಕೂಡ ಒಂಥರಾ ಸಕ್ಕರೇನೇ. ಅಲ್ಲೀವರೆಗೆ ಸಿಹಿ ಕೊಡ್ತಾ ಇರಬೇಕು. ಹಣ್ಣು, ಜೇನುತುಪ್ಪ, ಟಾನಿಕ್, ಎಲ್ಲಾ."

"ಅದು ಬೇಡ ಅನ್ನುತ್ತೆ ಸ್ವಾಮಿ."

"ಮಕ್ಕಳು ಹಾಗೇ ಅಲ್ವಾ?"

"ನಾನು ಏಳು ಮಕ್ಕಳನ್ನ ಸಾಕಿದೀನಿ. ಸಿಹಿ ಕಂಡ್ರೆ ಓಡೋ ಮಗು ನೋಡಿಲ್ಲ. ಬಾಯಿಗೆ ಬೇಡಾದ್ದು ಹೊಟ್ಟೆಗೂ ಬೇಡ ಅಂತಿದ್ರು ನಮ್ಮತ್ತೆ."

"ನಿಮ್ಮತ್ತೆ ಕಾಲದಲ್ಲಿ ಈ ಪರೀಕ್ಷೆ ಎಲ್ಲಿತ್ತಮ್ಮ?"

ಮಗನೂ ಸೊಸೆಯೂ ನಕ್ಕರು. ಅಜ್ಜಿ ನಗಲಿಲ್ಲ. "ಓದಿದೋರು. ಹೇಳ್ತೀರಿ ಅಂದ್ಮೇಲೆ ಸರಿ," ಎಂದು ಎದ್ದು ಒಳಗೆ ಹೋದರು. ಮರುದಿನದಿಂದ ಪಥ್ಯ ನಿಂತಿತು.

ಜುಲೈ ಪೂರ್ತಿ ಕಡತ ಕಛೇರಿಯಿಂದ ಕಛೇರಿಗೆ ಹೋಯಿತು. ಮಗು ಮನೆಯಿಂದ ವಾರ್ಡಿಗೆ, ವಾರ್ಡಿನಿಂದ ಮನೆಗೆ ಬಂತು. ವಾಂತಿ ಮರಳಿತು. ಹೊಟ್ಟೆಯಲ್ಲಿ ನೀರು ತುಂಬಿತು. ತಾಯಿ ಇನ್ನೂ ಹೆಚ್ಚು ಸಿಹಿ ಕುಡಿಸಿದರು. ರೋಗ ಮುಂದುವರಿಯುತ್ತಿದೆ, ಮ್ಯಾನೋಸ್ ಬೇಗ ಬರಬೇಕು ಎಂದು ನಾವೆಲ್ಲ ಹೇಳಿಕೊಂಡೆವು. ನಾನು ದಿನಕ್ಕೆರಡು ಸಲ ಕಸ್ಟಮ್ಸಿಗೆ ಫೋನು ಮಾಡುತ್ತಿದ್ದೆ. ಮಾಡುತ್ತಿರುವುದು ಒಳ್ಳೆಯ ಕೆಲಸವೆಂಬ ಭಾವನೆ ಎಷ್ಟು ಗಾಢವಾಗಿತ್ತೆಂದರೆ, ಹಸಿವೆ ಕೂಡ ಆಗುತ್ತಿರಲಿಲ್ಲ.

ಆಗಸ್ಟಿನ ಎರಡನೆಯ ವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ದೃಢಕಾಯ ಮನುಷ್ಯ ನಮ್ಮ ಬಾಗಿಲಿಗೆ ಬಂದು ಬೂಂದಿ ಲಡ್ಡುವಿನ ಡಬ್ಬಿಯನ್ನು ಮೇಜಿನ ಮೇಲಿಟ್ಟ. ನಾನು ಗುರುತಿಸಲಿಲ್ಲ.

"ನಿಮ್ಮ ಕಂಟ್ರೋಲ್ ಸಾಬ್," ಎಂದರು ಟೆಕ್ನಿಷಿಯನ್.

ವೆಲ್ಡರ್ ಕೈಮುಗಿದ. "ನಾಲ್ಕು ತಿಂಗಳಾಯ್ತು ಡಾಕ್ಟರ್ ಸಾಬ್, ಒಂದು ಹನಿ ಮುಟ್ಟಿಲ್ಲ. ನನ್ನ ರಕ್ತ ಮಕ್ಕಳ ಕೆಲಸಕ್ಕೆ ಬರುತ್ತೆ ಅಂತ ಭಾಯಿಸಾಬ್ ಹೇಳಿದ್ರು. ಅಂಥಾ ರಕ್ತಾನ ಹಾಳು ಮಾಡ್ಕೋಬಾರದು ಅನ್ನಿಸ್ತು. ಮುಂದೆಯೂ ಬೇಕಾದಾಗ ತಗೊಳ್ಳಿ."

"ಬಿಟ್ಟ ಮೇಲೆ ನೀನು ನಮ್ಮ ಕೆಲಸಕ್ಕೆ ಬರಲ್ಲಪ್ಪಾ," ಎಂದು ಟೆಕ್ನಿಷಿಯನ್ ನಕ್ಕರು. ಆತ ಮುಖ ಸಣ್ಣಗೆ ಮಾಡಿಕೊಂಡ.

ನನಗೆ ನಗು ಬರಲಿಲ್ಲ. ನಾಲ್ಕು ತಿಂಗಳು ಎಂದರೆ ಏಪ್ರಿಲ್. ಜೂನಿನಲ್ಲಿ ಆತನ ಆಣೆ ನಿಜವಾಗಿತ್ತು. ವಿಷ ನಿಂತರೆ ಎರಡು ಮೂರು ವಾರದಲ್ಲಿ ಗೆರೆಗಳು ನಾಲ್ಕರ ಮನೆಗೆ ಮರಳುತ್ತವೆಂದು ನಾನು ಹುಡುಗರಿಗೆ ಪಾಠ ಮಾಡುತ್ತಿದ್ದವನು. ಹಾಗಾದರೆ ಆತನ ಲೇನು ಕೆಟ್ಟಿರಲಿಲ್ಲ. ಜೆಲ್ ಕೆಟ್ಟಿರಲಿಲ್ಲ. ಮಗುವಿನ ಲೇನೂ ಕೆಟ್ಟಿರಲಿಲ್ಲ. ಜೂನಿನಲ್ಲಿ ಮಗುವಿನ ಟ್ರಾನ್ಸ್‌ಫೆರಿನ್ ನಿಜವಾಗಿಯೇ ಸರಿಯಾಗಿತ್ತು, ಯಾವ ಪುಡಿಯೂ ಇಲ್ಲದೆ. ಹುಟ್ಟಿನಿಂದ ಬಂದ ಗ್ಲೈಕೋಸೈಲೇಷನ್ ರೋಗ ಐದು ವಾರ ರಜೆ ಹಾಕುವುದಿಲ್ಲ. ಅವಳೂ ಏನೋ ಒಂದನ್ನು ಬಿಟ್ಟಿದ್ದಳು.

ಏನನ್ನೆಂದು ಕೇಳಲು ಯಾರೂ ಬೇಕಿರಲಿಲ್ಲ. ಮೇಜಿನ ಮೇಲೆ ಲಡ್ಡುವಿನ ಡಬ್ಬಿಯಿತ್ತು.

ಮಾರ್ಚಿಯಲ್ಲಿ ತೆಗೆದ ಮಗುವಿನ ಮೂತ್ರದ ಒಂದು ಕೊಳವೆ ಬೇರೆ ಪರೀಕ್ಷೆಗೆಂದು ನಮ್ಮ ಫ್ರೀಜರಿನಲ್ಲೇ ಇತ್ತು. ವಿದ್ಯಾರ್ಥಿಗಳಿಗೆ ತೋರಿಸಲು ಇಟ್ಟಿದ್ದ ಬೆನೆಡಿಕ್ಟ್ ದ್ರಾವಣದ ಬಾಟಲಿಯ ಧೂಳು ಒರೆಸಿದೆ. ಐದು ಮಿಲಿ ನೀಲಿ ದ್ರಾವಣ, ಎಂಟು ಹನಿ ಮೂತ್ರ, ಕುದಿಯುವ ನೀರಿನಲ್ಲಿ ಐದು ನಿಮಿಷ. ನೀಲಿ ಹಸಿರಾಯಿತು, ಹಳದಿಯಾಯಿತು, ಇಟ್ಟಿಗೆಯ ಕೆಂಪಾಗಿ ತಳದಲ್ಲಿ ಕೂತಿತು. ಅದೇ ಮೂತ್ರಕ್ಕೆ ಕಾಗದದ ಪಟ್ಟಿ ಅದ್ದಿದೆ: ಗ್ಲೂಕೋಸ್ ಇಲ್ಲ. ಹಣ್ಣಿನ ಸಕ್ಕರೆಗೆಂದೇ ಇರುವ ಇನ್ನೊಂದು ಹಳೆಯ ಪರೀಕ್ಷೆ ಮಾಡಿದೆ, ಅದೂ ಕೆಂಪು. ಕಾಲೇಜಿನ ಮೊದಲ ವರ್ಷದ ಪ್ರಯೋಗ. ಅರ್ಧ ಗಂಟೆಯ ಕೆಲಸ.

ಆ ಮಗುವಿನ ಯಕೃತ್ತು ಫ್ರಕ್ಟೋಸ್ ಎಂಬ ಹಣ್ಣಿನ ಸಕ್ಕರೆಯನ್ನು ಅರಗಿಸಲಾರದು. ಹಣ್ಣು, ಜೇನು, ಬೆಲ್ಲ, ಮನೆಯ ಸಕ್ಕರೆ, ಟಾನಿಕ್ಕು, ಎಲ್ಲದರಲ್ಲೂ ಅದೇ. ಅರಗದ ಸಕ್ಕರೆ ಯಕೃತ್ತಿನಲ್ಲಿ ತುಂಬಿ ಸರಪಣಿ ಕಟ್ಟುವ ಕಿಣ್ವದ ಕತ್ತು ಹಿಸುಕುತ್ತದೆ. ಅದಕ್ಕೇ ನಮ್ಮ ಗೆರೆಗಳು. ರಕ್ತದ ಸಕ್ಕರೆ ಕುಸಿಯುವುದೂ ಅದರಿಂದಲೇ. ಕುಸಿದಾಗಲೆಲ್ಲ ನಾವು ಸಕ್ಕರೆ ನೀರು ಕುಡಿಸಿದ್ದೆವು.

ಟೆಕ್ನಿಷಿಯನ್ ಕೊಳವೆಯನ್ನು ನೋಡಿದರು, ನನ್ನನ್ನು ನೋಡಿದರು. "ಓಡಿ ಸಾಬ್," ಎಂದರು. "ಲಿಫ್ಟಿಗೆ ಕಾಯಬೇಡಿ."

ಕೊಳವೆಯನ್ನು ಕೈಯಲ್ಲೇ ಹಿಡಿದು ಮಗುವಿದ್ದ ವಾರ್ಡಿಗೆ ಮೆಟ್ಟಿಲಿಳಿದೆ. ಡಾಕ್ಟರ್ ಮೇಡಂಗೆ ತಳದ ಕೆಂಪನ್ನು ತೋರಿಸಿದೆ. ಮಂಚದ ಪಕ್ಕದ ಎಲ್ಲ ಸಿರಪ್ಪುಗಳನ್ನೂ ತೆಗೆಸಿದರು, ಗ್ಲೂಕೋಸಿನ ಡ್ರಿಪ್ ಹಾಕಿಸಿದರು. ಆಮೇಲೆ ಕಾರಿಡಾರಿಗೆ ಬಂದು ಗೋಡೆಗೆ ಒರಗಿ ನಿಂತರು.

"ಜೂನಿನ ಜೆಲ್ ಏನಾಗಿತ್ತು?"

"ಸರಿಯಾಗಿತ್ತು."

"ನೀವು ಕೆಟ್ಟಿದೆ ಅಂದ್ರಿ."

"ಅಂದೆ."

ಅವರು ಮತ್ತೆ ಮಗುವಿನ ಬಳಿಗೆ ಹೋದರು. ನಮೂನೆಯ ಆ "ಇಲ್ಲ" ತಮ್ಮ ವಾರ್ಡಿನದೆಂದು ಅವರಿಗೂ ನೆನಪಾಗಿರಬೇಕು. ಯಕೃತ್ತು ಅಷ್ಟು ಹೊತ್ತಿಗೆ ಗಟ್ಟಿಯಾಗಿತ್ತು, ರಕ್ತ ಹೆಪ್ಪುಗಟ್ಟುವುದನ್ನು ಬಿಟ್ಟಿತ್ತು. ಮೂರನೆಯ ದಿನ ವಾಂತಿ ನಿಂತಿತು. ಮಗು ಗಂಜಿ ಕೇಳಿತೆಂದು ತಂದೆ ಓಡಿ ಬಂದು ಹೇಳಿದರು. ನಾನು "ಕೊಡಿ, ಉಪ್ಪು ಹಾಕಿ ಕೊಡಿ" ಎಂದೆ. ಒಂಬತ್ತನೆಯ ದಿನ ಮೂಗಿನಿಂದ ರಕ್ತ ಶುರುವಾಗಿ ನಿಲ್ಲಲಿಲ್ಲ.

ಸೂತಕ ಕಳೆದ ಮೇಲೆ ಸರೋಜಿನಿ ನಗರಕ್ಕೆ ಹೋದೆ. ಅಮ್ಮನಿಗೆ ನಿಜ ಹೇಳಬೇಕೋ ಬೇಡವೋ ಎಂದು ತಂದೆ ಬಾಗಿಲಲ್ಲೇ ಕೇಳಿದರು. "ಹೇಳಬೇಕು, ನಾನೇ ಹೇಳ್ತೀನಿ," ಎಂದೆ. ಅಜ್ಜಿಯ ಎದುರು ನೆಲದ ಮೇಲೆ ಕೂತು, ಪಥ್ಯವೇ ಔಷಧಿಯಾಗಿತ್ತು, ಬಿಡಿಸಿದವನು ನಾನು ಎಂದು ಹೇಳಿದೆ. ಜೆಲ್ಲಿನ ವಿಷಯ, ಕರೆಂಟಿನ ವಿಷಯ ಹೇಳಲು ಹೋಗಿ ನಿಲ್ಲಿಸಿದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ಹಾಗಾದ್ರೆ ಮಗೂಗೆ ಗೊತ್ತಿತ್ತು," ಎಂದರು.

ನಾನು ಹಿಂತಿರುಗಿ ಬಂದು ಗೋಡೆಯ ನಿಯಮಾವಳಿಯನ್ನು ತೆಗೆಯಲಿಲ್ಲ. ನಾಲ್ಕನೆಯ ಮತ್ತು ಐದನೆಯ ನಿಯಮಗಳು ಇಂದಿಗೂ ಸರಿಯೇ. ಯಾವ ಪ್ರಯೋಗಾಲಯದಲ್ಲಿ ಕೇಳಿದರೂ ಅದನ್ನೇ ಹೇಳುತ್ತಾರೆ. ದಾಖಲೆ ಪುಸ್ತಕದಲ್ಲಿ ಜೂನಿನ ಸಾಲಿನ ಪಕ್ಕ "ಮೇಲಿನ ಷರಾ ತಪ್ಪು" ಎಂದು ಕೆಂಪು ಶಾಯಿಯಲ್ಲಿ ಬರೆದು ಮತ್ತೆ ಸಹಿ ಮಾಡಿದೆ. ಟೆಕ್ನಿಷಿಯನ್ ಸಾಕ್ಷಿ ಹಾಕಿದರು. ಸಂಜೆ ಒಂದೇ ಬಸ್ಸಿನಲ್ಲಿ ಹಿಂತಿರುಗಿದೆವು.

ಮ್ಯಾನೋಸ್ ಆಹಾರವೆಂದು ತೀರ್ಮಾನವಾಗಿ ಸೆಪ್ಟೆಂಬರಿನಲ್ಲಿ ಬಂತು. ಡಬ್ಬಿಯನ್ನು ತೆರೆಯಲಿಲ್ಲ. ವಿದೇಶದ ವರದಿ ಅಕ್ಟೋಬರಿನಲ್ಲಿ ಬಂತು. ನಾವು ಕೇಳಿದ್ದ ಗ್ಲೈಕೋಸೈಲೇಷನ್ ಕಿಣ್ವಗಳು ಸರಿಯಿದ್ದವು. ನಾವು ಆಮೇಲೆ ಬರೆದು ಕೇಳಿಕೊಂಡಂತೆ ಫ್ರಕ್ಟೋಸಿನ ಜೀನನ್ನೂ ನೋಡಿದ್ದರು. ತಂದೆಯಿಂದ ಬಂದ ಪ್ರತಿಯಲ್ಲೂ ತಾಯಿಯಿಂದ ಬಂದ ಪ್ರತಿಯಲ್ಲೂ ದೋಷವಿತ್ತು. ಚಿಕಿತ್ಸೆ ಎಂಬಲ್ಲಿ ಒಂದೇ ಸಾಲು: ಸಕ್ಕರೆ, ಬೆಲ್ಲ, ಜೇನು ಮತ್ತು ಹಣ್ಣುಗಳನ್ನು ವರ್ಜಿಸಿದಲ್ಲಿ ರೋಗಿ ಪೂರ್ಣ ಆಯುಸ್ಸು ಬದುಕಬಹುದು. ಮಗು ಆಗಸ್ಟ್ ತಿಂಗಳಲ್ಲಿ ತೀರಿಕೊಂಡಿತ್ತು.